ಹೊಲದಲ್ಲಿ ಸಿಕ್ಕ ಹಳೇ ಪ್ಯೂಟರ್ ಚಮಚ: ಗುರುತಿಸುವುದು ಹೇಗೆ, ಕಾಲ ಹೇಳುವುದು ಹೇಗೆ

ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವವರಿಗೆ ನಾಣ್ಯ, ಗುಂಡಿಗಳ ಜೊತೆ ಬೂದು ಬಣ್ಣದ ಚಮಚದ ತುಂಡೂ ಸಿಗುತ್ತದೆ. ಸಿಕ್ಕಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ. ಗಸಗಸ ಉಜ್ಜುತ್ತಾರೆ, ಮಾಡಿದವರು ಒತ್ತಿದ ಮುದ್ರೆ ಹುಡುಕುತ್ತಾರೆ, ಕಣ್ಣಿಗೆ ಬಿದ್ದ ಮೊದಲ ಚಿತ್ರಕ್ಕೆ ಹೋಲಿಸಿ "ಟ್ಯೂಡರ್ ಕಾಲದ್ದು", ಅಂದರೆ ಹದಿನಾರನೇ ಶತಮಾನದ ಆಸುಪಾಸಿನದು, ಅಂತ ತೀರ್ಮಾನಿಸಿಬಿಡುತ್ತಾರೆ. ಆಮೇಲೆ ನೋಡಿದರೆ ಅದು ಪ್ಯೂಟರೇ (ಹೆಚ್ಚಾಗಿ ತವರ ಇರುವ ಮಿಶ್ರಲೋಹ) ಅಲ್ಲ, ಇಲ್ಲವೇ ಹತ್ತೊಂಬತ್ತನೇ ಶತಮಾನದ ವಿಕ್ಟೋರಿಯಾ ಕಾಲದ್ದು.

ಇಲ್ಲಿ ಕೈಕೊಡುವುದು ಕ್ರಮ. ಮೊದಲು ಲೋಹ ಯಾವುದು ಅಂತ ತಿಳಿಯಬೇಕು. ಆಮೇಲೆ ಬಟ್ಟಲು (ಚಮಚದ ಗುಳಿ ಭಾಗ), ಹಿಡಿ, ಹಿಡಿಯ ತುದಿ. ಮುದ್ರೆ ಎಲ್ಲಕ್ಕಿಂತ ಕೊನೆಗೆ. ಈ ಸಾಲು ತಪ್ಪಿಸಬೇಡಿ.

## ಹೊಲಕ್ಕೆ ಕಾಲಿಡುವ ಮುಂಚೆ

ಹೊಲದ ಮಾಲೀಕರ ಒಪ್ಪಿಗೆ ಬೇಕೇ ಬೇಕು, ಅದೂ ಬರವಣಿಗೆಯಲ್ಲಿದ್ದರೆ ಒಳ್ಳೆಯದು. ಸಿಕ್ಕಿದ್ದು ಯಾರಿಗೆ ಸೇರಬೇಕು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಸರ್ಕಾರ ಸಂರಕ್ಷಿತ ಸ್ಮಾರಕ ಅಂತ ಪಟ್ಟಿ ಮಾಡಿದ ಜಾಗದಲ್ಲಿ, ಮಾಲೀಕರು ಹೂಂ ಅಂದರೂ, ಪ್ರತ್ಯೇಕ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದು ಅಪರಾಧ. 1979ರಿಂದ ಇದು ಕಾನೂನು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಹುಡುಕುವುದಕ್ಕೆ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು.

## ಬೇಕಾದ ಸಾಮಾನು

ದುಬಾರಿಯದ್ದು ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಅಯಸ್ಕಾಂತ, 0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಪ್ಲಾಸ್ಟಿಕ್ ಸ್ಕೇಲು, ಮೆತ್ತನೆಯ ಬ್ರಷ್, ಡಿಸ್ಟಿಲ್ಡ್ ನೀರು, ಒಂದು ಸಣ್ಣ ಟಾರ್ಚ್, ದಾರ, ತೆಳು ಗ್ಲೌಸ್. ಇಷ್ಟು ಸಾಕು.

ಗ್ಲೌಸ್ ಶೋಕಿಗಲ್ಲ. ಹಳೇ ಪ್ಯೂಟರಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಆ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಎಷ್ಟೇ ಚೆನ್ನಾಗಿ ಕಂಡರೂ ಆ ಚಮಚದಲ್ಲಿ ತಿನ್ನುವ ಯೋಚನೆ ಬೇಡ, ಮಕ್ಕಳ ಕೈಗೂ ಕೊಡಬೇಡಿ.

## ಹಂತ 1: ಅಗೆದು ತೆಗೆಯುವಾಗ

ಸಿಗ್ನಲ್ ಬಂದ ಜಾಗದ ಸುತ್ತ ದೂರದಿಂದ ಅಗೆಯಿರಿ. ಮಣ್ಣಲ್ಲಿದ್ದ ಪ್ಯೂಟರ್ ಒಳಗೊಳಗೇ ಬಿರುಕು ಬಿಟ್ಟಿರುತ್ತದೆ. ಹಿಡಿಯ ತುದಿ ಕಂಡ ಕೂಡಲೇ ಎಳೆದರೆ ಬಟ್ಟಲು ಮಣ್ಣಲ್ಲೇ ಉಳಿಯುತ್ತದೆ. ಮಣ್ಣಿನ ಹೆಂಟೆಯ ಸಮೇತ ಎತ್ತಿ.

ತುಂಡು ಮಾತ್ರ ಸಿಕ್ಕಿತಾ? ಮುರಿದ ಅಂಚನ್ನು ನೋಡಿ. ಹೊಳೆಯುತ್ತಿದ್ದರೆ ಮುರಿತ ಹೊಸದು, ಉಳಿದರ್ಧ ಹತ್ತಿರದಲ್ಲೇ ಇರಬಹುದು. ಅಂಚೂ ಬೂದುಗಟ್ಟಿದ್ದರೆ ಅದು ಎಂದೋ ಮುರಿದದ್ದು.

ತೆಗೆದ ಜಾಗದ ಜಿಪಿಎಸ್ ಬರೆದಿಡಿ, ಮಣ್ಣಿನ ಸಮೇತ ಒಂದು ಫೋಟೋ ತೆಗೆಯಿರಿ. ಎಷ್ಟು ಆಳದಲ್ಲಿ ಸಿಕ್ಕಿತು ಅನ್ನುವುದನ್ನೂ ಬರೆಯಿರಿ, ಆದರೆ ಆಳ ನೋಡಿ ಕಾಲ ಹೇಳಬೇಡಿ. ಉಳುಮೆ ಆಗುವ ಹೊಲದಲ್ಲಿ ನೇಗಿಲು ಮಣ್ಣನ್ನು ಪ್ರತಿ ವರ್ಷ ಮಗುಚಿ ಹಾಕುತ್ತದೆ. ನಿನ್ನೆಯ ಕ್ಯಾನ್ ಮುಚ್ಚಳ ಕೆಳಗೆ, ಐನೂರು ವರ್ಷದ ಚಮಚ ಮೇಲೆ ಇದ್ದರೂ ಆಶ್ಚರ್ಯವಿಲ್ಲ.

ಹಳೇ ಚಮಚ ಸಿಕ್ಕಿತು ಅಂತ ಅಲ್ಲೊಂದು ಮನೆ ಇತ್ತು ಅನ್ನಲೂ ಆಗುವುದಿಲ್ಲ. ಊರಿನ ಕಸ, ಮಲಗುಂಡಿಯ ಗೊಬ್ಬರ ಎಲ್ಲ ಗಾಡಿಗಳಲ್ಲಿ ಹೊಲಕ್ಕೆ ಬರುತ್ತಿತ್ತು. ಮುರಿದ ಚಮಚವೂ ಅದರ ಜೊತೆ ಬಂದಿರಬಹುದು.

## ಹಂತ 2: ಮಣ್ಣು ಬಿಡಿಸುವುದು

ಹೆಚ್ಚು ಚಮಚಗಳು ಹಾಳಾಗುವುದು ಈ ಹಂತದಲ್ಲೇ. ಡಿಸ್ಟಿಲ್ಡ್ ನೀರಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಸಡಿಲ ಮಣ್ಣನ್ನಷ್ಟೇ ತೆಗೆಯಿರಿ. ಪದರ ಏಳುತ್ತಿದ್ದರೆ ನೀರೂ ಬೇಡ, ಒಣ ಬ್ರಷ್ ಸಾಕು. ನೆರಳಲ್ಲಿ ಒಣಗಲಿ. ಒಲೆ, ಹೀಟರು, ಹೇರ್ ಡ್ರೈಯರ್ ಯಾವುದೂ ಬೇಡ. ಶುದ್ಧ ತವರವೇ 232 ಡಿಗ್ರಿಗೆ ಕರಗುತ್ತದೆ. ಸೀಸ ಬೆರೆತರೆ 183ರ ಹೊತ್ತಿಗೇ ಕರಗಲು ಶುರು.

ನಮ್ಮವರ ಕೈ ತಕ್ಷಣ ಹುಣಸೆಹಣ್ಣಿಗೆ ಹೋಗುತ್ತದೆ. ಹಿತ್ತಾಳೆ ದೀಪಕ್ಕೆ ಅದು ಸರಿ, ಇದಕ್ಕೆ ಖಂಡಿತ ಅಲ್ಲ. ನಿಂಬೆ, ವಿನಿಗರ್, ಕೋಲಾ, ಪಾತ್ರೆ ಉಜ್ಜುವ ಪುಡಿ, ಎಲ್ಲಕ್ಕೂ ಇದೇ ಮಾತು. ಪ್ಯೂಟರಿನ ಮೇಲಿನ ಬೂದು-ಕಪ್ಪು ಪದರ ಕೊಳೆಯಲ್ಲ, ಲೋಹವೇ ಹಾಗೆ ಬದಲಾಗಿರುವುದು. ಮುದ್ರೆ ಉಳಿದಿರುವುದೂ ಆ ಪದರದಲ್ಲೇ. ಅದನ್ನು ಕಿತ್ತರೆ ಮುದ್ರೆಯೂ ಹೋಯಿತು.

ಇನ್ನೊಂದು ಎಚ್ಚರಿಕೆ: ಬಗ್ಗಿದ ಹಿಡಿಯನ್ನು ನೆಟ್ಟಗೆ ಮಾಡಬೇಡಿ. ಹೊಸ ಪ್ಯೂಟರ್ ಬಾಗುತ್ತದೆ, ಮಣ್ಣು ತಿಂದ ಪ್ಯೂಟರ್ ಟಕ್ ಅಂತ ಮುರಿಯುತ್ತದೆ.

## ಹಂತ 3: ಇದು ಪ್ಯೂಟರ್ ಹೌದಾ?

ಪ್ಯೂಟರ್ ಅಂದರೆ ಮುಖ್ಯವಾಗಿ ತವರ. ಅದಕ್ಕೆ ಸ್ವಲ್ಪ ತಾಮ್ರವನ್ನೋ ಸೀಸವನ್ನೋ ಸೇರಿಸಿರುತ್ತಾರೆ. ಮೊದಲು ಮೇಲ್ಮೈ ಬಣ್ಣ ನೋಡಿ.

ಬೂದು ಅಥವಾ ಕಪ್ಪು ಬಣ್ಣ, ನರುಲಿಯಂಥ ಗಂಟುಗಳು, ಅಲ್ಲಲ್ಲಿ ಗುಳಿ ಇದ್ದರೆ ಪ್ಯೂಟರ್ ಆಗಿರುವ ಸಂಭವ ಜಾಸ್ತಿ. ಎಲ್ಲಾದರೂ ಹಸಿರು ಕಂಡರೆ ಒಳಗೆ ತಾಮ್ರ ಅಥವಾ ಹಿತ್ತಾಳೆ ಇದೆ ಅಂತ ಅರ್ಥ. ಹಗುರಾಗಿದ್ದು ಬಿಳಿ ಪುಡಿ ಬಿಡುತ್ತಿದ್ದರೆ ಅಲ್ಯುಮಿನಿಯಂ, ಅದು ಇತ್ತೀಚಿನದು.

ಹಸಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಎಡವುವುದು ಇಲ್ಲೇ. ಹದಿನಾರು, ಹದಿನೇಳನೇ ಶತಮಾನದಲ್ಲಿ ಲ್ಯಾಟನ್ ಎಂಬ ಹಿತ್ತಾಳೆ ಜಾತಿಯ ಲೋಹದಲ್ಲೂ ಚಮಚ ಮಾಡುತ್ತಿದ್ದರು. ಅದಕ್ಕೆ ನಮ್ಮ ಪಾತ್ರೆಗಳ ಹಾಗೇ ಕಲಾಯಿ ಹಾಕುತ್ತಿದ್ದರು. ಕಲಾಯಿ ಉಳಿದ ಕಡೆ ಥೇಟ್ ಪ್ಯೂಟರ್. ಆದ್ದರಿಂದ ಅಂಚು, ಮುರಿದ ಜಾಗ, ಸವೆದ ತುದಿ ಇವನ್ನು ಭೂತಗನ್ನಡಿಯಲ್ಲಿ ನೋಡಿ. ಹಳದಿ ಅಥವಾ ಹಸಿರು ಇಣುಕಿದರೆ ಅದು ಲ್ಯಾಟನ್. ಕೆಲವು ಲ್ಯಾಟನ್ ಚಮಚಗಳ ಮುದ್ರೆಯಲ್ಲಿ ಮೂರು ಪುಟ್ಟ ಚಮಚಗಳ ಚಿತ್ರ ಇರುತ್ತದೆ, ಸುತ್ತ ಎರಡು ಸಲ ಬಿಳಿ ಮಾಡಿದ್ದು ಎಂಬರ್ಥದ "ಡಬಲ್ ವೈಟೆಡ್" ಬರಹ. ಆಕಾರಗಳ ಕಾಲ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಆದರೆ ದಾಖಲೆಯಲ್ಲಿ ಲೋಹ ಸರಿಯಾಗಿ ಬರೆಯಬೇಕು.

ಅಯಸ್ಕಾಂತ ಹಿಡಿಯಿರಿ. ಪ್ಯೂಟರ್ ಅಂಟುವುದಿಲ್ಲ. ಹಿಡಿಯ ಉದ್ದಕ್ಕೆ ಮಾತ್ರ ಸೆಳೆತ ಇದ್ದು, ಬಿರುಕಿನಲ್ಲಿ ತುಕ್ಕು ಕಂಡರೆ ಒಳಗೆ ಕಬ್ಬಿಣದ ತಂತಿ ಇದೆ. ಹತ್ತೊಂಬತ್ತನೇ ಶತಮಾನದ ಕೆಲವು ಅಗ್ಗದ ಚಮಚಗಳಿಗೆ ಬಲ ಬರಲಿ ಅಂತ ಹೀಗೆ ತಂತಿ ಕೂರಿಸುತ್ತಿದ್ದರು.

ಚಮಚ ಗಟ್ಟಿಯಾಗಿದ್ದರೆ ಸಾಂದ್ರತೆಯನ್ನೂ ಅಳೆಯಬಹುದು. ಒಣ ಚಮಚ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಚಮಚವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಒಣ ತೂಕ 42 ಗ್ರಾಂ, ನೀರಿನಲ್ಲಿ 5.6 ಅಂತ ತೋರಿಸಿದರೆ ಉತ್ತರ 7.5.

ಶುದ್ಧ ತವರ 7.3. ಐದನೇ ಒಂದು ಭಾಗ ಸೀಸ ಇದ್ದರೆ ಸುಮಾರು 7.9. ಸ್ಟರ್ಲಿಂಗ್ ಬೆಳ್ಳಿ 10ರ ಮೇಲೆ, ಅಲ್ಯುಮಿನಿಯಂ ಬರೀ 2.7. ಒಂದು ಬಲೆ ಮಾತ್ರ ಇದೆ: ನೂರಕ್ಕೆ ನಲವತ್ತು ಭಾಗ ಸೀಸ ಇರುವ ಕಳಪೆ ಪ್ಯೂಟರ್ 8.5ಕ್ಕೆ ಬರುತ್ತದೆ, ಹಿತ್ತಾಳೆಯೂ ಅಲ್ಲೇ ಇದೆ. ಆಗ ಬಣ್ಣ ನೋಡಿಯೇ ನಿರ್ಧರಿಸಬೇಕು. ಮೇಲೆ ದಪ್ಪ ಪದರ ಇದ್ದರೆ ಅಂಕಿ ನಿಜಕ್ಕಿಂತ ಕಮ್ಮಿ ಬರುವುದೂ ಉಂಟು. ಬಿರುಕು ಬಿಟ್ಟ ಚಮಚಕ್ಕೆ ಈ ಪರೀಕ್ಷೆ ಬೇಡ.

ಗೀಚಿ ನೋಡುವುದು, ಬಗ್ಗಿಸಿ ಸದ್ದು ಕೇಳುವುದು, ಇವೆಲ್ಲ ಹಳೇ ಪುಸ್ತಕಗಳಲ್ಲಿರುತ್ತವೆ. ಹೊಲದಲ್ಲಿ ಸಿಕ್ಕ ವಸ್ತುವಿನ ಮೇಲೆ ಮಾಡಬೇಡಿ.

## ಹಂತ 4: ಬಟ್ಟಲಿನ ಆಕಾರ

ಹಿಡಿ ಮೇಲೆ, ಬಟ್ಟಲಿನ ತುದಿ ಕೆಳಗೆ ಬರುವಂತೆ ಚಮಚ ಇಡಿ. ಈಗ ಒಂದೇ ಪ್ರಶ್ನೆ: ಬಟ್ಟಲು ಎಲ್ಲಿ ಜಾಸ್ತಿ ಅಗಲ?

ಹಿಡಿಯ ಹತ್ತಿರ ಕಿರಿದಾಗಿ, ತುದಿಯ ಕಡೆ ಅಗಲವಾಗಿದ್ದರೆ ಅದು ಹಳೇ ಕ್ರಮ. ಉದ್ದಕ್ಕೆ ಸೀಳಿದ ಅಂಜೂರದ ಹಾಗೆ ಕಾಣುತ್ತದೆ, ಆ ಹೆಸರಿಂದಲೇ ಕರೆಯುತ್ತಾರೆ ಕೂಡ. ಮಧ್ಯಯುಗದ ಕೊನೆಯಿಂದ ಸುಮಾರು 1650ರ ದಶಕದವರೆಗೆ ಇದೇ ನಡೆಯಿತು. ಆಮೇಲೆ ಬಟ್ಟಲು ಅಂಡಾಕಾರಕ್ಕೆ ತಿರುಗಿ, 1700ರ ಸುಮಾರಿಗೆ ಉದ್ದವಾಯಿತು. ಹದಿನೆಂಟನೇ ಶತಮಾನ ಮುಂದುವರಿದಂತೆ ಅಗಲ ಹಿಡಿಯ ಕಡೆಗೆ ಸರಿದು ತುದಿ ಚೂಪಾಯಿತು. ಇವತ್ತಿನ ನಮ್ಮ ಚಮಚಗಳೂ ಅದೇ ಆಕಾರದವು.

ಪೂರ್ತಿ ಗುಂಡು ಬಟ್ಟಲು ಸಿಕ್ಕರೆ ಡಚ್ಚರ ಕಡೆಯಿಂದ ಬಂದಿದ್ದಾ ಅಂತ ಯೋಚಿಸಿ. ಗುಂಡು ಬಟ್ಟಲಿನ ಜೊತೆ ಹಿಡಿ ಮುಳ್ಳಿನಂತೆ ಚೂಪಾಗಿ ಮುಗಿದಿದ್ದರೆ ರೋಮನ್ ಕಾಲದ್ದೂ ಆಗಿರಬಹುದು. ಅಂಥದ್ದನ್ನು ಸ್ವಂತ ನಿರ್ಧಾರಕ್ಕೆ ಬಿಟ್ಟುಕೊಳ್ಳದೆ ನೇರ ಹಂತ 9ಕ್ಕೆ ಹೋಗಿ.

ಸವೆತ ಮೋಸ ಮಾಡುತ್ತದೆ. ಒಂದೇ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಪಾತ್ರೆ ಕೆರೆದರೆ ಬಟ್ಟಲಿನ ತುದಿಯ ಒಂದು ಬದಿ ಸವೆಯುತ್ತದೆ. ಅಂಡಾಕಾರದ್ದು ಮೊಂಡಾಗಿ ಅಂಜೂರದಂತೆ ಕಾಣಬಹುದು. ಎರಡು ಬದಿಯೂ ಒಂದೇ ಸಮ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮೂಲ ಆಕಾರ ಹೇಗಿತ್ತು ಅಂತ ಕಾಗದದ ಮೇಲೆ ಬರೆದುಕೊಂಡು ಮುಂದುವರಿಯಿರಿ.

ಈಗ ಬಟ್ಟಲನ್ನು ಮಗುಚಿ. ಹಿಡಿಯಿಂದ ಬಟ್ಟಲಿನ ಬೆನ್ನ ಮೇಲೆ ಒಂದು ಉದ್ದನೆಯ, ಕ್ರಮೇಣ ತೆಳುವಾಗುವ ಏಣು ಇಳಿದಿದೆಯಾ? ಇಲಿಬಾಲ ಅಂತಲೇ ಇದರ ಹೆಸರು. ಸುಮಾರು 1660ರಿಂದ 1730ರವರೆಗೆ ಇದು ಜೋರಾಗಿತ್ತು. ಏಣಿನ ಬದಲು ಗಿಡ್ಡ, ಹನಿಯಂಥ ಗುರುತಿದ್ದರೆ ಅದಾದಮೇಲಿನದು. ಹಿಡಿ ಮುರಿದು ಬರೀ ಬಟ್ಟಲು ಸಿಕ್ಕಾಗ ಈ ಬೆನ್ನೇ ಆಧಾರ. ಫೋಟೋ ತೆಗೆಯುವಾಗ ಜನ ಮರೆಯುವುದೂ ಇದನ್ನೇ.

## ಹಂತ 5: ಹಿಡಿ

ಹಿಡಿಯನ್ನು ಅಡ್ಡ ಸೀಳಿದರೆ ಹೇಗೆ ಕಾಣುತ್ತದೆ ಅಂತ ಊಹಿಸಿ. ವಜ್ರಾಕಾರ, ದುಂಡು ಅಥವಾ ಆರು ಮೂಲೆಯ ತೆಳು ಕಡ್ಡಿಯಂಥ ಹಿಡಿ ಹಳೇ ಕಾಲದ್ದು. ಆರು ಮೂಲೆಯದು ಹದಿನೇಳನೇ ಶತಮಾನದ ಮಧ್ಯದವರೆಗೂ ಬಂತು. 1650ರ ಆಸುಪಾಸು ಹಿಡಿ ಚಪ್ಪಟೆ ಪಟ್ಟಿಯಾಯಿತು. 1700ರ ನಂತರ ಮತ್ತೆ ದುಂಡಗಾಗಿ, ತುದಿಯಲ್ಲಿ ಮಾತ್ರ ಅಗಲವಾಯಿತು.

ಪದರ ದಪ್ಪಗಿದ್ದರೆ ಮೂಲೆಗಳು ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಓರೆಯಾಗಿ, ಬಹುತೇಕ ಮಟ್ಟಸವಾಗಿ ಹಿಡಿಯಿರಿ. ಮೂಲೆಯ ನೆರಳು ಗೆರೆಯಾಗಿ ಬೀಳುತ್ತದೆ. ಮುದ್ರೆ ನೋಡಲೂ ಇದೇ ಉಪಾಯ.

## ಹಂತ 6: ತುದಿ

ಹಳೇ ಚಮಚಗಳ ಹಿಡಿಯ ಕೊನೆಗೆ ಒಂದು ಗುಬಟು ಇರುತ್ತಿತ್ತು. ದಾಖಲೆಗಳಲ್ಲಿ ಇದನ್ನು ನಾಪ್ ಅನ್ನುತ್ತಾರೆ. ಓಕ್ ಕಾಯಿಯ ಆಕಾರದ್ದು ಹದಿನಾಲ್ಕು-ಹದಿನೈದನೇ ಶತಮಾನದಲ್ಲಿ ಸಾಮಾನ್ಯ. ತಲೆಗೂದಲು ಬಿಟ್ಟ ಹೆಣ್ಣಿನ ಮುಖ ಹದಿನೈದು-ಹದಿನಾರನೆಯದು. ಮೇಲೆ ಚಪ್ಪಟೆ ಬಿಲ್ಲೆ ಇರುವ ಸೀಲ್ ಟಾಪ್ ಹದಿನಾರನೇ ಶತಮಾನದಿಂದ ಹದಿನೇಳರ ಮಧ್ಯ ದಾಟುವವರೆಗೆ. ಗುಬಟೇ ಇಲ್ಲದೆ, ಆರು ಮೂಲೆಯ ಹಿಡಿಯನ್ನು ಓರೆಯಾಗಿ ಕತ್ತರಿಸಿದಂತಿದ್ದರೆ ಸ್ಲಿಪ್ ಟಾಪ್, ಸುಮಾರು 1500ರಿಂದ 1650.

ಗುಬಟು ಮುರಿದ ಚಮಚವನ್ನೇ ಎಷ್ಟೋ ಜನ ಸ್ಲಿಪ್ ಟಾಪ್ ಅಂದುಬಿಡುತ್ತಾರೆ. ನಿಜವಾದದ್ದರ ಕಟ್ಟು ಓರೆಯಾಗಿ, ನುಣ್ಣಗಿರುತ್ತದೆ. ಮುರಿತ ಒರಟಾಗಿ, ಕಾಳುಕಾಳಾಗಿರುತ್ತದೆ. ಅನುಮಾನ ಇದ್ದರೆ "ತುದಿ ಇಲ್ಲ" ಅಂತ ಬರೆಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಚಪ್ಪಟೆ ಹಿಡಿ ಬಂದಮೇಲೆ ತುದಿಗಳು ಬೇಗಬೇಗ ಬದಲಾದವು, ಹಾಗಾಗಿ ಕಾಲ ಹೇಳುವುದೂ ಸುಲಭ. ನೇರ ಕತ್ತರಿಸಿದ ತುದಿಗೆ ಪ್ಯೂರಿಟನ್ ಅನ್ನುತ್ತಾರೆ, 1650ರಿಂದ 1670ರ ದಶಕ. ಅಗಲವಾಗಿ, ಎರಡು ಸೀಳಿನಿಂದ ಮೂರು ಎಸಳಾದ ಟ್ರೈಫಿಡ್ ತುದಿ ಸುಮಾರು 1660ರಿಂದ 1700. ಸೀಳು ಹೋಗಿ ಅಲೆಯಂತೆ ಬಳುಕಿದ್ದರೆ 1690ರಿಂದ 1715ರ ಸುಮಾರು. ದುಂಡು ತುದಿ, ನಡುವೆ ಏಣು, ತುದಿ ಮುಂದಕ್ಕೆ ಅಂದರೆ ಬಟ್ಟಲಿನ ಒಳಮುಖದ ಕಡೆ ಬಾಗಿದ್ದರೆ ಹ್ಯಾನೋವೇರಿಯನ್, 1710ರಿಂದ 1770. ಹಿಂದಕ್ಕೆ ಬಾಗಿದ್ದರೆ ಓಲ್ಡ್ ಇಂಗ್ಲಿಷ್, 1760ರ ನಂತರ. ಪಿಟೀಲಿನ ಮೈಯಂತೆ ಹೆಗಲು ಇರುವುದು ಹತ್ತೊಂಬತ್ತನೇ ಶತಮಾನದ್ದು.

ಈ ಮುಂದೆ-ಹಿಂದೆ ಬಾಗುವುದಕ್ಕೂ ಊಟದ ಮೇಜಿಗೂ ಸಂಬಂಧ ಇದೆ. ಹ್ಯಾನೋವೇರಿಯನ್ ಚಮಚವನ್ನು ಬೋರಲು ಹಾಕಿ ಇಡುತ್ತಿದ್ದರು. ಹಾಗಾಗಿ ಮನೆಯವರ ಹೆಸರಿನ ಅಕ್ಷರ ಇದ್ದರೆ ಹಿಡಿಯ ಬೆನ್ನ ಮೇಲೆ ಹುಡುಕಿ. ಡಿಟೆಕ್ಟರಿಗೆ ಸಿಗುವ ಹಿಡಿ ನೇಗಿಲಿಗೆ ಸಿಕ್ಕಿ ಬಗ್ಗಿರುತ್ತದೆ ಎನ್ನುವುದೂ ನೆನಪಿರಲಿ. ತುದಿಯ ಬಾಗು ಎರಕದ್ದೋ, ನೇಗಿಲಿನದ್ದೋ? ನಯವಾಗಿ ಕೊನೆಯಲ್ಲಷ್ಟೇ ಬಾಗಿದ್ದರೆ ಎರಕದ್ದು. ಮಧ್ಯದಲ್ಲಿ ಮಡಿಕೆ ಬಿದ್ದಿದ್ದರೆ ನೇಗಿಲಿನದು.

ಅಪೊಸಲರ, ಅಂದರೆ ಯೇಸುವಿನ ಶಿಷ್ಯರ, ಬೊಂಬೆ ಇರುವ ಗುಬಟು ಕಂಡರೆ ಖುಷಿಪಡುವ ಮುಂಚೆ ತಾಳಿ. ಹಳೆಯವೂ ಇವೆ, ಆದರೆ ವಿಕ್ಟೋರಿಯಾ ಕಾಲದಿಂದೀಚೆ ನೆನಪಿನ ಕಾಣಿಕೆಯಾಗಿ ರಾಶಿರಾಶಿ ಮಾಡಿದ್ದಾರೆ. ಬಟ್ಟಲು ಅಂಜೂರದ ಆಕಾರದಲ್ಲಿ ಇಲ್ಲದಿದ್ದರೆ ನಕಲು ಎಂದೇ ತಿಳಿಯಿರಿ.

## ಹಂತ 7: ಈಗ ಮುದ್ರೆ

ಹಳೇ ಚಮಚದಲ್ಲಿ ಮುದ್ರೆ ಬಟ್ಟಲಿನ ಒಳಗೆ, ಹಿಡಿ ಸೇರುವ ಜಾಗದ ಹತ್ತಿರ ಇರುತ್ತದೆ. ಆಮೇಲಿನವುಗಳಲ್ಲಿ ಹಿಡಿಯ ಹಿಂದೆ. ಚುಕ್ಕಿಗಳ ಸಣ್ಣ ಉಂಗುರ, ಒಳಗೆ ಎರಡು ಅಕ್ಷರ ಅಥವಾ ಚಿತ್ರ, ಅಷ್ಟೇ. ಓದಲಾಗದಿದ್ದರೆ ಓರೆ ಬೆಳಕಲ್ಲಿ ನಾಲ್ಕೂ ದಿಕ್ಕಿಂದ ಫೋಟೋ ತೆಗೆಯಿರಿ. ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಅಭ್ಯಾಸ ಬೇಡ.

ಇಲ್ಲಿ ನಾಲ್ಕು ಬಲೆಗಳಿವೆ.

ಒಂದು, ಸಾಲಾಗಿ ನಾಲ್ಕು ಪುಟ್ಟ ಗುರಾಣಿ. ಬೆಳ್ಳಿಯ ಮುದ್ರೆಯನ್ನು ಅನುಕರಿಸಿ ಪ್ಯೂಟರಿನವರೂ ಹೀಗೆ ಒತ್ತುತ್ತಿದ್ದರು. ಬೆಳ್ಳಿಯಲ್ಲಿ ಒಂದು ಅಕ್ಷರ ವರ್ಷ ಹೇಳುತ್ತದೆ. ಪ್ಯೂಟರಿನಲ್ಲಿ ಆ ಪದ್ಧತಿಯೇ ಇಲ್ಲ. ಬೆಳ್ಳಿಯ ಪಟ್ಟಿ ತೆಗೆದು ಆ ಅಕ್ಷರ ಹುಡುಕಿದರೆ ಸುಳ್ಳು ವರ್ಷ ಸಿಗುತ್ತದೆ.

ಎರಡು, ಮುದ್ರೆಯೊಳಗಿನ ಇಸವಿ. ಅದು ಚಮಚ ಮಾಡಿದ ವರ್ಷವಲ್ಲ. ಆ ಕಸುಬುದಾರ ತನ್ನ ಮುದ್ರೆ ಪಡೆದ ವರ್ಷ. ಅದನ್ನೇ ಇಟ್ಟುಕೊಂಡು ಅವನು ಮುಂದೆ ದಶಕಗಳ ಕಾಲ ದುಡಿದಿರಬಹುದು.

ಮೂರು, ಕಿರೀಟ ಹೊತ್ತ ಗುಲಾಬಿ ಮತ್ತು ಕಿರೀಟದ ಕೆಳಗಿನ ಎಕ್ಸ್. ಇವು ಗುಣಮಟ್ಟದ ಮಾತು. ರಾಜಮನೆತನದ ಆಸ್ತಿ ಅಂತ ಭ್ರಮೆ ಬೇಡ.

ನಾಲ್ಕು, ಚೌಕಟ್ಟಿಲ್ಲದೆ ಬಿಡಿಬಿಡಿಯಾಗಿ ಒತ್ತಿದ ಅಥವಾ ಕೊರೆದ ಅಕ್ಷರ. ಅದು ಮಾಡಿದವರದ್ದಲ್ಲ, ಮನೆಯವರದ್ದು. ಮೂರು ಅಕ್ಷರ ತ್ರಿಕೋನದಲ್ಲಿದ್ದರೆ ಮೇಲಿನದು ಮನೆತನದ ಹೆಸರು, ಕೆಳಗಿನವು ಗಂಡ-ಹೆಂಡತಿಯವು.

ಲಂಡನ್ನಿನ ಪ್ಯೂಟರ್ ಕಸುಬುದಾರರ ಸಂಘದ ಹಳೇ ಮುದ್ರೆ ಫಲಕಗಳು 1666ರ ದೊಡ್ಡ ಬೆಂಕಿಯಲ್ಲಿ ಹೋದವು. ಈಗ ಉಳಿದಿರುವವು 1668ರಿಂದ ಶುರುವಾಗುತ್ತವೆ. ಹಾಗಾಗಿ ಅದಕ್ಕಿಂತ ಹಳೇ ಚಮಚದ ಮುದ್ರೆಗೆ ಹೆಸರು ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಪೂರ್ತಿ ಹೆಸರು ಅಚ್ಚಾಗಿದ್ದರೆ ಸಾಮಾನ್ಯವಾಗಿ ಹತ್ತೊಂಬತ್ತನೇ ಶತಮಾನ. ವಿ ಆರ್ ಎಂದಿದ್ದರೆ ವಿಕ್ಟೋರಿಯಾ, ಅಂದರೆ 1837ರ ನಂತರ. ಇ ಪಿ ಎನ್ ಎಸ್ ಎಂದಿದ್ದರೆ ಅದು ಬೆಳ್ಳಿ ಲೇಪದ ನಿಕ್ಕಲ್ ಮಿಶ್ರಲೋಹ, ಪ್ಯೂಟರ್ ಅಲ್ಲವೇ ಅಲ್ಲ, 1840ಕ್ಕಿಂತ ಹಿಂದಿನದೂ ಅಲ್ಲ.

## ಹಂತ 8: ಕಾಲ ಬರೆಯುವುದು

ಪ್ರತಿ ಭಾಗದ ಕಾಲವನ್ನು ಒಂದರ ಕೆಳಗೊಂದು ಬರೆಯಿರಿ. ಎಲ್ಲಕ್ಕಿಂತ ತಡವಾಗಿ ಶುರುವಾದ ಲಕ್ಷಣ ಯಾವುದೋ, ಚಮಚ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡಿ ಎಲ್ಲಕ್ಕಿಂತ ಹಳೇ ಲಕ್ಷಣವನ್ನು ಹಿಡಿದು ಕೂರುತ್ತಾರೆ.

ಒಂದು ಉದಾಹರಣೆ: ಅಂಡಾಕಾರದ ಬಟ್ಟಲು, ಅಂದರೆ 1650ರ ನಂತರ. ಬೆನ್ನಿಗೆ ಇಲಿಬಾಲ, 1660ರಿಂದ 1730. ಚಪ್ಪಟೆ ಹಿಡಿ, ಮೂರೆಸಳ ತುದಿ, 1660ರಿಂದ 1700. ಬರೆಯಬೇಕಾದ್ದು "ಸುಮಾರು 1660–1700". ಕೊನೆಗೆ ಹತ್ತು-ಇಪ್ಪತ್ತು ವರ್ಷ ಸಡಿಲ ಬಿಡಿ, ಯಾಕೆಂದರೆ ಎರಕದ ಅಚ್ಚು ಕಂಚಿನದು, ಬಾಳಿಕೆ ಜಾಸ್ತಿ. ಫ್ಯಾಷನ್ ಹೋದ ಮೇಲೂ ಊರ ಕಡೆ ಅದೇ ಅಚ್ಚಲ್ಲಿ ಎರಕ ಹೊಯ್ಯುತ್ತಿದ್ದರು.

ಇನ್ನೊಂದು: ಅಂಜೂರದ ಬಟ್ಟಲು, ಆರು ಮೂಲೆಯ ಹಿಡಿಯ ಮೋಟು, ಅಷ್ಟೇ ಇದೆ. ಇದಕ್ಕೆ "ಹದಿನೈದನೇ ಶತಮಾನದಿಂದ 1650ರ ಸುಮಾರು" ಎಂದು ಬರೆದು ಸುಮ್ಮನಾಗಬೇಕು. ಇನ್ನೂ ಕಿರಿದು ಮಾಡುವ ಆಸೆಗೆ ಬಿದ್ದರೆ ಅದು ಬರೀ ಊಹೆ.

## ಹಂತ 9: ತೋರಿಸುವುದು, ಇಡುವುದು, ಸಾಗಿಸುವುದು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಇದೆ, 1997ರಿಂದ ನಡೆಯುತ್ತಿದೆ. ಅದರ ದತ್ತಾಂಶ ಎಲ್ಲರಿಗೂ ತೆರೆದಿದೆ. ನಿಮ್ಮ ಚಮಚದ ಲಕ್ಷಣ ಹಾಕಿ ಹುಡುಕಿ, ಆದರೆ ಒಂದೇ ಫೋಟೋಗೆ ಹೋಲಿಸಿ ನಿಲ್ಲಬೇಡಿ. ನಿಮ್ಮ ಪ್ರದೇಶದಲ್ಲಿ ಈ ಯೋಜನೆಯ ಕೆಲಸ ನೋಡುವ ಫೈಂಡ್ಸ್ ಲಿಯೇಸನ್ ಆಫೀಸರ್ ಬಳಿ ಒಯ್ದು ತೋರಿಸಿದರೆ ಅವರು ನೋಡಿ ದಾಖಲಿಸುತ್ತಾರೆ.

ಒಂಟಿ ಪ್ಯೂಟರ್ ಚಮಚ ಸಾಮಾನ್ಯವಾಗಿ ಕಾನೂನಿನ ಲೆಕ್ಕದಲ್ಲಿ ನಿಧಿಯಲ್ಲ. ಆದರೆ ಪಕ್ಕದಲ್ಲಿ ಹಳೇ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕರೆ ಚಮಚವೂ ಅದರ ಭಾಗ. 2023ರ ಜುಲೈ 30ರಿಂದ, 200 ವರ್ಷ ದಾಟಿದ, ಅಸಾಧಾರಣ ಮಹತ್ವದ ಲೋಹದ ವಸ್ತುವೂ ನಿಧಿಯ ವ್ಯಾಪ್ತಿಗೆ ಬಂದಿದೆ. ನಿಧಿ ಎಂದು ಅನ್ನಿಸಿದರೆ 14 ದಿನದೊಳಗೆ ತಿಳಿಸಬೇಕು. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಹಳೇ ವಸ್ತು ಯಾವುದೇ ಸಿಕ್ಕರೂ ವರದಿ ಮಾಡಬೇಕು.

ಮನೆಯಲ್ಲಿ ಮರದ ಡ್ರಾಯರ್, ರಟ್ಟಿನ ಪೆಟ್ಟಿಗೆ ಎರಡೂ ಬೇಡ. ಓಕ್ ಮರದಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಮುಚ್ಚಳದ ಪಾಲಿಥಿನ್ ಡಬ್ಬಿಯಲ್ಲಿ, ಆಮ್ಲವಿಲ್ಲದ ಟಿಶ್ಯೂ ಕಾಗದದ ನಡುವೆ, ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಬಿಳಿ ಪುಡಿಯೋ ಹೊಸ ಗುಳ್ಳೆಯೋ ಕಂಡರೆ ಸಂರಕ್ಷಣಾ ತಜ್ಞರನ್ನು ಕೇಳಿ.

ರಜೆಗೆ ಬೆಂಗಳೂರಿಗೋ ಮಂಗಳೂರಿಗೋ ಹೋಗುವಾಗ ಅಪ್ಪ-ಅಮ್ಮನಿಗೆ ತೋರಿಸೋಣ ಅಂತ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಬ್ರಿಟನ್ನಿನ ಮಣ್ಣಲ್ಲಿ ಸಿಕ್ಕ, 50 ವರ್ಷ ದಾಟಿದ ಪುರಾತನ ವಸ್ತು ದೇಶದ ಹೊರಗೆ ಹೋಗಬೇಕಾದರೆ ಅದರ ಬೆಲೆ ಎಷ್ಟೇ ಇರಲಿ, ರಫ್ತು ಪರವಾನಗಿಯ ಪ್ರಶ್ನೆ ಬರುತ್ತದೆ. ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಅದನ್ನು ಕೊಡುತ್ತದೆ. ಮೊದಲು ಅವರನ್ನು ವಿಚಾರಿಸಿ, ಸದ್ಯಕ್ಕೆ ಫೋಟೋ ತೋರಿಸಿ. ಡಿಟೆಕ್ಟರನ್ನು ಊರಿಗೆ ಒಯ್ದು ನಮ್ಮ ಹೊಲದಲ್ಲೇ ಹುಡುಕೋಣ ಅನ್ನುವವರಿಗೂ ಒಂದು ಮಾತು: ನಮ್ಮಲ್ಲಿ ನೆಲದಲ್ಲಿ ಹೂತ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹೊಲ ಸ್ವಂತದ್ದೇ ಆಗಿದ್ದರೂ ಅಷ್ಟೇ.